ಮೈತುಂಬ ಸಾರು ಚೆಲ್ಲಿಕೊಳ್ಳುವ ಮಗುವನ್ನು ಊರಿಗೆ ಹೊರಡಿಸುವ ಕ್ರಮ

ಬೆಳಗಿನ ಜಾವ ಐದಕ್ಕೆ ಬೆಂಗಳೂರಿನ ಮನೆಯಲ್ಲೇ ಮಗುವಿಗೆ ರೇಷ್ಮೆ ಜುಬ್ಬ ತೊಡಿಸಿ ಕಾರು ಹತ್ತಿಸಿದರೆ, ಮಧ್ಯಾಹ್ನ ಧರ್ಮಸ್ಥಳದಲ್ಲಿ ಇಳಿಯುವಾಗ ದಾರಿಯಲ್ಲಿ ತಿಂದದ್ದರ ಲೆಕ್ಕವೆಲ್ಲ ಆ ಜುಬ್ಬದ ಮೇಲೆ ಸಿಗುತ್ತದೆ. ಕುಣಿಗಲ್ಲಿನ ಸಾಂಬಾರು ಎದೆಯ ಮೇಲೆ, ಹಾಸನದಲ್ಲಿ ಕುಡಿದ ಬಾದಾಮಿ ಹಾಲು ತೊಡೆಯ ಮೇಲೆ, ಚಾರ್ಮಾಡಿ ಘಾಟಿಯಲ್ಲಿ ಕಕ್ಕಿದ್ದು ಎಲ್ಲೆಡೆ. ಮಗುವನ್ನು ಬೈದು ಪ್ರಯೋಜನವಿಲ್ಲ. ಬಟ್ಟೆ ತೊಡಿಸಿದ ಹೊತ್ತೇ ಸರಿಯಿಲ್ಲ. ಒಳ್ಳೆ ಬಟ್ಟೆ ಮೈಮೇಲೆ ಬರಬೇಕಾದದ್ದು ತಲುಪುವ ಊರು ಇನ್ನು ಅರ್ಧ ಗಂಟೆ ಇರುವಾಗ. ಈ ದಾರಿಯಲ್ಲಿ ಅದು ಉಜಿರೆ. ಅಲ್ಲಿವರೆಗೆ ಮಗು ಏನು ತೊಟ್ಟಿರಬೇಕು, ಆಮೇಲೆ ಏನು ತೊಡಬೇಕು ಎನ್ನುವುದನ್ನು ಎರಡು ಬೇರೆ ಕೆಲಸವಾಗಿ ನೋಡಿದರೆ ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ. ಐದರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಪಾಲಿಸುವ ಕ್ರಮ ಇದು.

ಪ್ರಯಾಣದ ಬಟ್ಟೆಗೆ ಹಳೆಯದೇ ಒಳ್ಳೆಯದು, ಆದರೆ ಹರಿದದ್ದು ಬೇಡ. ಮೇಲೆ ಮುಂದೆ ಗುಂಡಿ ಇರುವ ಅರ್ಧ ತೋಳಿನ ಶರ್ಟು, ಕೆಳಗೆ ಎಲಾಸ್ಟಿಕ್ ಚಡ್ಡಿ ಅಥವಾ ಮುಕ್ಕಾಲು ಪ್ಯಾಂಟು. ಟೀ ಶರ್ಟು ಬೇಡ ಎನ್ನುವುದಕ್ಕೆ ಕಾರಣ ಘಾಟಿ. ವಾಂತಿಯಾದ ಟೀ ಶರ್ಟನ್ನು ಬಿಚ್ಚಬೇಕಾದರೆ ಅದನ್ನು ಮಗುವಿನ ಮುಖದ ಮೇಲಿಂದಲೇ ಎಳೆಯಬೇಕು. ಕೂದಲು, ಕಿವಿ, ಮೂಗು ಎಲ್ಲಕ್ಕೂ ಮೆತ್ತಿ, ಆ ವಾಸನೆಗೆ ಮತ್ತೊಮ್ಮೆ ವಾಂತಿಯಾಗುತ್ತದೆ. ಗುಂಡಿಯ ಶರ್ಟಾದರೆ ಗಲೀಜನ್ನು ಒಳಕ್ಕೆ ಮಡಚಿ ಹಿಂದಿನಿಂದ ಕಳಚಬಹುದು. ಒಳಗೆ ಬನಿಯನ್ ಇರಲಿ. ಎಷ್ಟೋ ಸಲ ಶರ್ಟು ತೆಗೆದರೆ ಸಾಕಾಗುತ್ತದೆ, ಬನಿಯನ್ ಉಳಿದುಕೊಳ್ಳುತ್ತದೆ.

ಬಣ್ಣದ ವಿಷಯದಲ್ಲಿ ಬಿಳಿ, ತಿಳಿಹಳದಿ ಬೇಡವೆಂದು ಎಲ್ಲರಿಗೂ ಗೊತ್ತು. ಅಚ್ಚ ಕಪ್ಪೂ ಬೇಡ. ಪೌಡರು, ಧೂಳು, ಚಿಪ್ಸ್ ಪುಡಿ, ಒಣಗಿದ ಹಾಲು ಅದರ ಮೇಲೆ ಎದ್ದು ಕಾಣುತ್ತವೆ. ಸಣ್ಣ ಚೌಕಳಿ ಅಥವಾ ಒತ್ತೊತ್ತಾದ ಹೂವಿನ ಅಚ್ಚು ಇರುವ ಮಧ್ಯಮ ಬಣ್ಣದ ಬಟ್ಟೆ ಕಲೆಯನ್ನು ಚೆನ್ನಾಗಿ ಮರೆಮಾಡುತ್ತದೆ. ಪ್ಯಾಂಟಿಗೆ ಕಡುನೀಲಿ ಅಥವಾ ಮಣ್ಣಿನ ಬಣ್ಣ. ಜೀನ್ಸ್ ಗಟ್ಟಿ ಎಂದು ತುಂಬುವವರಿದ್ದಾರೆ. ಮಳೆಗಾಲದಲ್ಲಿ ಘಾಟಿ ಇಳಿದ ಮೇಲೆ ಒದ್ದೆಯಾದ ಜೀನ್ಸ್ ಲಾಡ್ಜಿನ ಫ್ಯಾನಿನ ಕೆಳಗೆ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಮುಗ್ಗಲು ವಾಸನೆ ಬೇರೆ. ತೆಳು ಹತ್ತಿ–ಪಾಲಿಯೆಸ್ಟರ್ ಮಿಶ್ರಣದ ಬಟ್ಟೆ ಬೆಳಗಿನೊಳಗೆ ಒಣಗುತ್ತದೆ.

ಅಂಗಿ ಯಾಕೆ ಸದಾ ಹೊರಗೆ ಬಂದಿರುತ್ತದೆ? ಉದ್ದ ಸಾಲದೆ. ತೊಡಿಸಿದ ಮೇಲೆ ಎರಡೂ ಕೈ ಮೇಲೆತ್ತಿಸಿ, ಆಮೇಲೆ ಕುಕ್ಕರುಗಾಲಿನಲ್ಲಿ ಕೂರಿಸಿ. ಎರಡರಲ್ಲಿ ಯಾವುದಕ್ಕಾದರೂ ಬೆನ್ನು ಕಂಡರೆ ಆ ಅಂಗಿ ಪ್ಯಾಂಟಿನೊಳಗೆ ಸಿಕ್ಕಿಸಲು ಲಾಯಕ್ಕಲ್ಲ, ಹೊರಗೇ ಬಿಡಿ. ಸಿಕ್ಕಿಸುವುದೇ ಆದರೆ ಸೊಂಟದಿಂದ ಕೆಳಗೆ ಕನಿಷ್ಠ ನಾಲ್ಕು ಇಂಚು ಬಟ್ಟೆ ಬೇಕು. ಬನಿಯನ್ ಒಳಚಡ್ಡಿಯೊಳಕ್ಕೆ, ಅಂಗಿ ಪ್ಯಾಂಟಿನೊಳಕ್ಕೆ ಹೋಗಬೇಕು. ಎರಡನ್ನೂ ಒಟ್ಟಿಗೆ ತುರುಕಿದರೆ ಒಂದು ಜಾರಿದಾಗ ಇನ್ನೊಂದನ್ನೂ ಎಳೆದುಕೊಂಡು ಬರುತ್ತದೆ. ಎಲಾಸ್ಟಿಕ್ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬಿಗಿಯಾದರೆ ಮಗು ದಾರಿಯುದ್ದಕ್ಕೂ ಪ್ಯಾಂಟು ಕೆಳಗೆಳೆಯುತ್ತಿರುತ್ತದೆ, ಸಡಿಲವಾದರೆ ಮೇಲೆಳೆಯುತ್ತಿರುತ್ತದೆ. ಎರಡೂ ನೋಡಲು ಅಸಹ್ಯ.

ಹೊಸ ಬಟ್ಟೆಯನ್ನು ನೇರವಾಗಿ ಹೊರಡುವ ದಿನ ತೊಡಿಸುವುದು ಜಗಳಕ್ಕೆ ಆಹ್ವಾನ. ಒಮ್ಮೆ ಒಗೆದು ಗಂಜಿಯ ಬಿರುಸು ತೆಗೆಯಿರಿ, ಕತ್ತಿನ ಹಿಂದಿನ ಲೇಬಲ್ಲನ್ನು ಹೊಲಿಗೆಯ ಅಂಚಿಗೇ ಬಿಚ್ಚಿ ತೆಗೆಯಿರಿ. ಕತ್ತರಿಸಿದರೆ ಉಳಿದ ತುಂಡು ಇನ್ನೂ ಹೆಚ್ಚು ಚುಚ್ಚುತ್ತದೆ. ಆಮೇಲೆ ಎರಡು ಮೂರು ದಿನ ಮುಂಚೆ ಮನೆಯಲ್ಲಿ ಒಂದು ಗಂಟೆ ತೊಡಿಸಿ ಆಡಲು ಬಿಡಿ. ಎಲ್ಲಿ ಕೆರೆದುಕೊಳ್ಳುತ್ತದೆ ನೋಡಿ. ಜರಿಯ ಕತ್ತುಪಟ್ಟಿ, ಕಂಕುಳಿನ ಹೊಲಿಗೆ, ಲಂಗದ ಸೊಂಟಪಟ್ಟಿ, ಈ ಮೂರು ಸಾಮಾನ್ಯವಾದ ಜಾಗಗಳು. ಹಳೆಯ ಮಲ್ ಬಟ್ಟೆಯ ಒಂದು ಇಂಚಿನ ಪಟ್ಟಿಯನ್ನು ಒಳಗಿನಿಂದ ಹೊಲಿದರೆ ಮುಗಿಯಿತು. "ಹಾಕ್ಕೊಳ್ಳಲ್ಲ" ಎಂದು ಹಠ ಹಿಡಿಯುವ ಮಕ್ಕಳಲ್ಲಿ ಬಹಳ ಮಂದಿಗೆ ನಿಜವಾಗಿ ಎಲ್ಲೋ ಚುಚ್ಚುತ್ತಿರುತ್ತದೆ, ಹೇಳಲು ಬರುವುದಿಲ್ಲ ಅಷ್ಟೆ.

ಹೆಣ್ಣುಮಕ್ಕಳ ಉದ್ದ ಲಂಗಕ್ಕೆ ಸ್ವಲ್ಪ ಹೆಚ್ಚು ಯೋಚನೆ ಬೇಕು. ಅಂಚು ನೆಲದಿಂದ ಎರಡು ಇಂಚು ಮೇಲಿರಲಿ. "ಬೆಳೆಯೋ ಮಗು" ಎಂದು ಉದ್ದಕ್ಕೆ ಹೊಲಿಸಿದ್ದರೆ ಹೆಚ್ಚಿನದನ್ನು ಕೆಳಗೆ ಮಡಚಬೇಡಿ, ಜರಿಯಂಚು ಮುಚ್ಚಿಹೋಗುತ್ತದೆ. ಸೊಂಟದಿಂದ ಒಂದು ಗೇಣು ಕೆಳಗೆ ಒಳಮಡಿಕೆ ಹಾಕಿ ಕೈಹೊಲಿಗೆಯಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿದರೆ ಮುಂದಿನ ವರ್ಷ ಬಿಚ್ಚಬಹುದು. ಲಾಡಿ ಕಟ್ಟುವ ಲಂಗ ಓಡಾಡುವ ಮಗುವಿನ ಸೊಂಟದಲ್ಲಿ ನಿಲ್ಲುವುದಿಲ್ಲ. ಮೇಲೆ ಎರಡು ಭುಜಪಟ್ಟಿ ಹೊಲಿಸಿ ರವಿಕೆಯ ಒಳಗೆ ಹೋಗುವಂತೆ ಮಾಡಿದರೆ ಭಾರವೆಲ್ಲ ಹೆಗಲಿಗೆ ಹೋಗುತ್ತದೆ. ಒಳಗೆ ಒಂದು ಹತ್ತಿ ಚಡ್ಡಿ ಇರಲೇಬೇಕು. ಕೂರುವುದು, ಏಳುವುದು, ಮೆಟ್ಟಿಲು ಹತ್ತುವುದು ಎಲ್ಲದರಲ್ಲೂ ಲಂಗ ಮೊಣಕಾಲು ದಾಟುತ್ತದೆ, ಪ್ರತಿ ಸಲ ಕೂಗುತ್ತಾ ಕೂರಲಾಗುವುದಿಲ್ಲ. ರವಿಕೆಗೆ ಪಿನ್ನು ಚುಚ್ಚಬೇಡಿ, ಪ್ರೆಸ್ ಬಟನ್ ಹಾಕಿಸಿ.

ಗಂಡುಮಕ್ಕಳಿಗೆ ದೇವಸ್ಥಾನದ ಲೆಕ್ಕ ಬೇರೆ. ಧರ್ಮಸ್ಥಳ, ಕುಕ್ಕೆ, ಉಡುಪಿ ಎಲ್ಲ ಕಡೆ ಒಳಗೆ ಗಂಡಸರು ಅಂಗಿ ಬನಿಯನ್ ಬಿಚ್ಚುವ ರೂಢಿ. ಸರದಿಯಲ್ಲಿ ನಿಂತು ಬಿಗಿ ಕತ್ತಿನ ಜುಬ್ಬವನ್ನು ತಲೆಯ ಮೇಲಿಂದ ಎಳೆದರೆ ಬಾಚಿದ ಕ್ರಾಪು ಹೋಯಿತು, ಹಣೆಯ ಗಂಧ ಜುಬ್ಬಕ್ಕೆ ಮೆತ್ತಿತು. ಇಲ್ಲಿಯೂ ಪೂರ್ತಿ ಮುಂದೆ ತೆರೆಯುವ ಶರ್ಟೇ ವಾಸಿ. ಪಂಚೆಯ ಮಟ್ಟಿಗೆ ವೆಲ್ಕ್ರೋ ಪಂಚೆ ತೊಡಿಸುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ವೆಲ್ಕ್ರೋವನ್ನು ಮಾತ್ರ ನಂಬಬೇಡಿ. ಅದರೊಳಕ್ಕೆ ಕೂದಲು, ದಾರದ ಎಳೆ ತುಂಬಿದರೆ ಹಿಡಿತ ಹೋಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದು, ಮೇಲೊಂದು ಬೆಲ್ಟು ಹಾಕಿ.

ಇನ್ನು ತುಂಬುವ ಕೆಲಸ. ಒಂದು ದಿನದ ಬಟ್ಟೆ ಒಂದು ಜಿಪ್ ಕವರಿನಲ್ಲಿ: ಅಂಗಿ, ಪ್ಯಾಂಟು, ಚಡ್ಡಿ, ಬನಿಯನ್, ಕರ್ಚೀಫು, ಹೆಣ್ಣುಮಗುವಾದರೆ ಎರಡು ಕೂದಲಿನ ರಬ್ಬರು. ಕವರಿನ ಮೇಲೆ ವಾರದ ಹೆಸರು. ಇರುವ ದಿನಗಳಿಗೆ ಒಂದು ಹೆಚ್ಚು ಸೆಟ್ಟು, ಘಾಟಿ ಇದ್ದರೆ ಎರಡು. ಗಲೀಜಾದದ್ದು ಅದೇ ಕವರಿಗೆ ವಾಪಸ್ಸು. ಉಳಿದ ಬಟ್ಟೆಗೆ ವಾಸನೆ ಹಿಡಿಯುವುದಿಲ್ಲ. ಒಂದು ಸೆಟ್ಟು, ಒಂದು ಹಳೆಯ ಟವೆಲ್, ಅರ್ಧ ಲೀಟರ್ ನೀರು, ನಾಲ್ಕು ಪ್ಲಾಸ್ಟಿಕ್ ಚೀಲ ಕಾಲಬುಡದ ಬ್ಯಾಗಿನಲ್ಲಿರಬೇಕು. ಅದನ್ನು ಡಿಕ್ಕಿಯಲ್ಲೋ ಬಸ್ಸಿನ ಹೊಟ್ಟೆಯಲ್ಲೋ ಇಟ್ಟರೆ ಇಲ್ಲದಂತೆಯೇ ಸರಿ.

ಹೊರಡುವ ದಿನ ಮಗುವೇ ತೊಟ್ಟುಕೊಳ್ಳಲಿ, ಇಪ್ಪತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಎರಡು ಅಂಗಿ ತೋರಿಸಿ "ಇದೋ, ಅದೋ?" ಎಂದು ಕೇಳಬೇಕು. ಬೀರು ತೆರೆದು "ಯಾವುದು ಬೇಕು?" ಎಂದರೆ ಹೋದ ವರ್ಷದ ಗಣೇಶನ ಹಬ್ಬದ್ದು ಬೇಕೆನ್ನುತ್ತದೆ, ಅದು ಹೊಕ್ಕಳು ಮುಚ್ಚುವುದಿಲ್ಲ. ಆರಿಸಿದ್ದನ್ನು ಚಾಪೆಯ ಮೇಲೆ ತೊಡುವ ಕ್ರಮದಲ್ಲಿ ಎಡದಿಂದ ಬಲಕ್ಕೆ ಹರಡಿ. ಗುಂಡಿಯನ್ನು ಕೆಳಗಿನಿಂದ ಹಾಕಲು ಕಲಿಸಿ. ಕತ್ತಿನ ಗುಂಡಿ ಮಗುವಿನ ಕಣ್ಣಿಗೆ ಕಾಣುವುದೇ ಇಲ್ಲ, ಅಲ್ಲಿಂದ ಶುರು ಮಾಡಿದರೆ ಒಂದು ಕಾಜ ತಪ್ಪಿ ಅಂಗಿ ಸೊಟ್ಟಗಾಗುತ್ತದೆ. ಎಡಬಲ ಶೂ ಅದಲುಬದಲಾಗುವುದಕ್ಕೆ ಒಂದು ಗುಂಡನೆಯ ಸ್ಟಿಕ್ಕರನ್ನು ಎರಡಾಗಿ ಕತ್ತರಿಸಿ ಒಳಗಿನ ಅಟ್ಟೆಗಳ ಒಳಮಗ್ಗುಲಿಗೆ ಅಂಟಿಸಿ. ಜೋಡಿ ಸರಿ ಇಟ್ಟರೆ ಚಿತ್ರ ಕೂಡುತ್ತದೆ. ಹವಾಯಿ ಚಪ್ಪಲಿ ಮಳೆಯಲ್ಲಿ ಮೀನಖಂಡದಿಂದ ಬೆನ್ನಿನವರೆಗೂ ಕೆಸರು ಎರಚುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ.

ತಲೆಗೆ ಎಣ್ಣೆ ಹಿಂದಿನ ದಿನವೇ ಹಚ್ಚಿ ತೊಳೆದಿರಬೇಕು. ಬೆಳಗ್ಗೆ ಅಂಗೈಗೆ ಎರಡು ಹನಿ ಸಾಕು. ಹೊಳೆಯುವಷ್ಟು ಹಚ್ಚಿದ ಎಣ್ಣೆ ಬಿಸಿಲಿಗೆ ಇಳಿದು ಕಾಲರನ್ನು ಕಪ್ಪು ಮಾಡುತ್ತದೆ. ಹೆಣ್ಣುಮಗುವಿಗೆ ಎರಡು ಜಡೆ. ಮಲ್ಲಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿರಲಿ, ಉಜಿರೆಯಲ್ಲಿ ಮುಡಿಸಿದರೆ ಆಯಿತು. ಉಗುರು ಹಿಂದಿನ ದಿನ ಹಗಲಲ್ಲೇ ತೆಗೆಯಿರಿ, ರಾತ್ರಿ ತೆಗೆಯಲು ಅಜ್ಜಿಯಂದಿರು ಬಿಡುವುದಿಲ್ಲ.

ಮಗು ಗಲೀಜಾಗುವುದು ಬಹುಪಾಲು ಕೈ ಒರೆಸಿಕೊಳ್ಳುವುದರಿಂದ. ಬಲ ತೊಡೆ, ಹೊಟ್ಟೆ, ತೋಳಿನ ತುದಿ, ಇವೇ ಅದರ ಟವೆಲ್ಲು. "ನೀಟಾಗಿರು" ಎಂದು ಹತ್ತು ಸಲ ಹೇಳುವ ಬದಲು ಕರ್ಚೀಫನ್ನು ಒಂದು ಮೂಲೆ ಹೊರಗೆ ಕಾಣುವಂತೆ ಬಲ ಜೇಬಿನಲ್ಲಿಟ್ಟು, "ಕೈ ಇಲ್ಲಿ ಒರೆಸು" ಎಂದು ಮುಟ್ಟಿ ತೋರಿಸಬೇಕು. ಜೇಬಿಲ್ಲದಿದ್ದರೆ ಸೊಂಟಕ್ಕೆ ಪಿನ್ನು. ಕಾರು ಹತ್ತುವ ಮುಂಚೆ ಜೇಬು ತಡಕಿ: ಕರಗುವ ಚಾಕಲೇಟು, ಮುಚ್ಚಳವಿಲ್ಲದ ಪೆನ್ನು ಸಿಗುತ್ತವೆ. ಕಲ್ಲು, ಕಪ್ಪೆಚಿಪ್ಪಿಗೆ ಒಂದು ಚಿಕ್ಕ ಚೀಲ ಕೊಟ್ಟುಬಿಡಿ, ಅದನ್ನೆಲ್ಲ ಕಿತ್ತುಕೊಂಡರೆ ಮುಂದಿನ ಅರ್ಧ ಗಂಟೆ ಅಳು.

ಘಾಟಿಗೆ ಮುಂಚೆ ಹೊಟ್ಟೆ ತುಂಬಿಸಬೇಡಿ, ಖಾಲಿಯೂ ಬಿಡಬೇಡಿ. ಒಂದೋ ಎರಡೋ ಇಡ್ಲಿ, ಹಾಲು ಬೇಡ, ತಿಂದು ಒಂದು ಗಂಟೆಯಾದ ಮೇಲೆ ತಿರುವುಗಳು ಬಂದರೆ ಒಳ್ಳೆಯದು. ಮೊಬೈಲು ಕೈಯಿಂದ ತೆಗೆದು ಮುಂದಿನ ರಸ್ತೆ ಕಾಣುವಂತೆ ಕೂರಿಸಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿಸಿ ನೇರ ಇಳಿಯುವವರು ಟವೆಲ್ಲನ್ನು ಮಡಿಲಲ್ಲಿ ಹರಡಿಕೊಂಡೇ ಹೊರಡುವುದು ಲೇಸು.

ಉಜಿರೆಯಲ್ಲಿ ಬಟ್ಟೆ ಬದಲಿಸುವಾಗ ಕ್ರಮ ಮುಖ್ಯ. ಮೊದಲು ಶೌಚಕ್ಕೆ ಕಳಿಸಿ, ಆಮೇಲೆ ಮುಖ ಕೈಕಾಲು ತೊಳೆಸಿ, ಪೂರ್ತಿ ಒರೆಸಿ, ಕೊನೆಗೆ ಬಟ್ಟೆ. ಒದ್ದೆ ಕೈಯಲ್ಲಿ ತೊಡಿಸಿದ ರೇಷ್ಮೆಯ ಮೇಲೆ ನೀರಿನ ಗುರುತು ನಿಲ್ಲುತ್ತದೆ. ಬದಲಿಸಿದ ಮೇಲೆ ದರ್ಶನದವರೆಗೆ ನೀರು ಬಿಟ್ಟು ಬೇರೇನೂ ಕೊಡಬೇಡಿ, ಬಾಳೆಹಣ್ಣು ಕೂಡ.

ಪಂಕ್ತಿ ಊಟದಲ್ಲಿ ನೆಲದ ಮೇಲೆ ಕೂತ ಮಗುವಿನ ಮೊಣಕಾಲು ಎಲೆಗೆ ತಗಲುತ್ತಿರುತ್ತದೆ. ಬಡಿಸುವವರು ಬಿಸಿ ಸಾರು ಹಾಕಿ ಮುಂದೆ ಹೋದ ಕ್ಷಣಕ್ಕೇ ಅದು ಎಲೆಯ ನಡುದಂಟಿನ ಪಕ್ಕದಲ್ಲೇ ಹರಿದು ಮಡಿಲಿಗೆ ಬರುತ್ತದೆ. ಹಾಗಾಗಿ ಸಾರು ಬರುವ ಮುಂಚೆಯೇ ಅನ್ನದಿಂದ ಕಟ್ಟೆ ಕಟ್ಟಿ ನಡುವೆ ಗುಳಿ ಮಾಡಿಕೊಡಿ, ಮಗುವಿಗೆ ಅರ್ಧ ಸೌಟು ಸಾಕೆಂದು ಕೈ ಅಡ್ಡ ಹಿಡಿಯಿರಿ. ಲಂಗದ ನೆರಿಗೆಯನ್ನು ಮುಂದಿನಿಂದ ಒಟ್ಟುಮಾಡಿ ತೊಡೆಯ ಕೆಳಕ್ಕೆ ಸೇರಿಸಿ, ಮೇಲೆ ಟವೆಲ್ ಹಾಸಿ. ಗಂಡುಮಗುವಿನ ಶಲ್ಯವನ್ನು ಆ ಹೊತ್ತಿಗೆ ನೀವೇ ಹೆಗಲಿಗೆ ಹಾಕಿಕೊಳ್ಳಿ.

ಇಷ್ಟಾದರೂ ಕಲೆ ಆಗುತ್ತದೆ. ಹಾಲು, ಮೊಸರು, ವಾಂತಿ, ರಕ್ತಕ್ಕೆ ತಣ್ಣೀರು ಮಾತ್ರ. ಬಿಸಿನೀರು ಬಿದ್ದರೆ ಅದರ ಪ್ರೋಟೀನು ನೂಲಿಗೆ ಹಿಡಿದುಕೊಳ್ಳುತ್ತದೆ. ಒಗ್ಗರಣೆ ಎಣ್ಣೆಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಒಣಬಟ್ಟೆಗೇ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ. ಪೆನ್ನಿನ ಶಾಯಿಯ ಮೇಲೆ ಸ್ಯಾನಿಟೈಸರ್ ಹಾಕಿ ಅಡಿಯಲ್ಲಿ ಹತ್ತಿಯಿಟ್ಟು ಒತ್ತಬೇಕು, ಉಜ್ಜಿದರೆ ಹರಡುತ್ತದೆ. ಕೆಸರನ್ನು ಪೂರ್ತಿ ಒಣಗಲು ಬಿಟ್ಟು ಆಮೇಲೆ ಕೊಡವಿ. ಒದ್ದೆಯಲ್ಲೇ ಒರೆಸುವುದು ಎಲ್ಲರ ಕೈಗೂ ಬರುವ ಮೊದಲ ಕೆಲಸ, ಅದರಿಂದಲೇ ಚುಕ್ಕೆಯಷ್ಟಿದ್ದದ್ದು ಅಂಗೈಯಗಲ ಆಗುತ್ತದೆ.

ಸಾಂಬಾರಿನ ಅರಿಶಿನಕ್ಕೆ ಸೋಪು ಹಚ್ಚಿದ ಕೂಡಲೇ ಕಲೆ ಕೆಂಪಗಾಗುವುದನ್ನು ಕಂಡು ಗಾಬರಿಯಾಗುವವರುಂಟು. ಓಕುಳಿ ನೀರಿಗೆ ಸುಣ್ಣ ಹಾಕಿದಾಗ ಆಗುವುದೂ ಇದೇ. ಸೋಪಿನ ಕ್ಷಾರ ಹೋದರೆ ಮತ್ತೆ ಹಳದಿಗೆ ಬರುತ್ತದೆ. ಚೆನ್ನಾಗಿ ಜಾಲಿಸಿ ನೇರ ಬಿಸಿಲಿಗೆ ಹಾಕಿದರೆ ಒಂದೆರಡು ದಿನದಲ್ಲಿ ಬಹುಮಟ್ಟಿಗೆ ಮಾಸಿಹೋಗುತ್ತದೆ, ಇದಕ್ಕೆ ಬಿಸಿಲಿಗಿಂತ ಒಳ್ಳೆ ಮದ್ದಿಲ್ಲ. ರೇಷ್ಮೆಗೆ ಮಾತ್ರ ಬಿಸಿಲೂ ಬೇಡ, ಬಲವಾದ ಸೋಪೂ ಬೇಡ. ಒಣಬಟ್ಟೆಯಲ್ಲಿ ಹೀರಿಸಿ, ಊರಿಗೆ ಬಂದ ಮೇಲೆ ಡ್ರೈಕ್ಲೀನಿಗೆ ಕೊಡುವುದೇ ಸರಿ. ಕುಂಕುಮ ಬಿದ್ದರೆ ಒದ್ದೆ ಕೈ ತಾಗಿಸದೆ ಕೊಡವಿ ಊದಬೇಕು.

ಹೋಗದ ಕಲೆಗಳೂ ಇವೆ. ಏಪ್ರಿಲ್ ಮೇ ತಿಂಗಳಲ್ಲಿ ಪುತ್ತೂರು, ಸುಳ್ಯದ ಕಡೆ ನೆಂಟರ ತೋಟಕ್ಕೆ ಇಳಿದರೆ ಗೇರುಹಣ್ಣಿನ ರಸ, ಬಾಳೆದಿಂಡಿನ ನೀರು, ಮಾವಿನ ಸೊನೆ, ಹಸಿ ಅಡಿಕೆಯ ಚೊಗರು ಎಲ್ಲ ಕಾದಿರುತ್ತವೆ. ಬೀಳುವಾಗ ನೀರಿನಂತಿದ್ದು, ಒಗೆದ ಮೇಲೆ ಕಂದಾಗಿ ಎದ್ದುಬರುವ ಜಾತಿ ಇವು. ಅದಕ್ಕೆಂದೇ ಕಾಲಬುಡದ ಬ್ಯಾಗಿನಲ್ಲಿ ಒಂದು ತೀರಾ ಹಳೆಯ ಚಡ್ಡಿ, ಬನಿಯನ್ ಇಟ್ಟಿರುತ್ತೇನೆ. ತೋಟದ ಗೇಟಿನಲ್ಲೇ ಒಳ್ಳೆ ಬಟ್ಟೆ ಬಿಚ್ಚಿಸಿ ಅದನ್ನು ತೊಡಿಸಿ ಬಿಟ್ಟುಬಿಡುವುದು.