ಗಿಟಾರನ್ನು ಪಕ್ಕವಾದ್ಯದ ಜಾಗದಲ್ಲಿ ಕೂರಿಸಿದ್ದು

ಅಮೆರಿಕದ ಗಾಯಕ, ಗಿಟಾರ್ ವಾದಕ ಜಾನ್ ಮೇಯರ್ ಅವರ ‘ಕಂಟಿನ್ಯುಯಂ’ 2006ರ ಸೆಪ್ಟೆಂಬರ್‌ನಲ್ಲಿ ಬಂದಾಗ ನಾನು ಅದನ್ನು ಗಿಟಾರ್ ಆಲ್ಬಂ ಎಂದುಕೊಂಡು ಕೇಳಿ ನಿರಾಶನಾಗಿದ್ದೆ. ಅದರ ಹಿಂದಿನ ವರ್ಷವಷ್ಟೇ ಅವರು ಬೇಸ್‌ಗೆ ಪಿನೊ ಪಲ್ಲಾಡಿನೊ, ಡ್ರಮ್ಸ್‌ಗೆ ಸ್ಟೀವ್ ಜೋರ್ಡನ್ ಅವರನ್ನು ಜೊತೆಗಿಟ್ಟುಕೊಂಡು ಮೂವರ ತಂಡವಾಗಿ ‘ಟ್ರೈ!’ ಎಂಬ ಲೈವ್ ಆಲ್ಬಂ ತಂದಿದ್ದರು. ಅದರಲ್ಲಿ ಗಿಟಾರ್‌ಗೆ ಯಾವ ಕಟ್ಟುಪಾಡೂ ಇರಲಿಲ್ಲ. ಅದರಲ್ಲಿದ್ದ ‘ಗ್ರ್ಯಾವಿಟಿ’ ಹಾಡೇ ಹೊಸ ಆಲ್ಬಂನಲ್ಲಿ ನಾಲ್ಕು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತಿತ್ತು. ಇದಕ್ಕೆ 2007ರಲ್ಲಿ ಗ್ರ್ಯಾಮಿ ಬಂದದ್ದೂ ಪಾಪ್ ಗಾಯನದ ಆಲ್ಬಂ ಎಂಬ ವಿಭಾಗದಲ್ಲಿ. ಬ್ಲೂಸ್ ಎಂಬ ಆಫ್ರಿಕನ್-ಅಮೆರಿಕನ್ ಸಂಗೀತ ಪ್ರಕಾರ ಕಲಿಯುವ ಹುಮ್ಮಸ್ಸಿನಲ್ಲಿದ್ದ ನನಗೆ ಅದು ಸೋಲೊಪ್ಪಿಗೆಯಂತೆ ಕಂಡಿತ್ತು.

ಎಷ್ಟೋ ವರ್ಷಗಳ ನಂತರ, ಕನ್ನಡದಲ್ಲಿ ನನ್ನದೇ ಒಂದು ಹಾಡು ಕಟ್ಟಿ ಮನೆಯಲ್ಲೇ ರೆಕಾರ್ಡ್ ಮಾಡಲು ಕುಳಿತಾಗ ಆ ಆಲ್ಬಂ ಹತ್ತಿರ ಮರಳಿ ಹೋದೆ. ಹೋದದ್ದು ಭಕ್ತಿಯಿಂದಲ್ಲ, ಬೇರೆ ದಾರಿಯಿಲ್ಲದೆ. ನನ್ನ ಹಾಡು ಐದು ನಿಮಿಷ ನಲವತ್ತು ಸೆಕೆಂಡ್ ಇತ್ತು. ಅದರಲ್ಲಿ ಇಪ್ಪತ್ತನಾಲ್ಕು ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ಸೋಲೋ, ಅಂದರೆ ಹಾಡು ನಿಂತು ಗಿಟಾರ್ ಮುಂದೆ ಬರುವ ಭಾಗ. ಬಾರ್ ಒಂದಕ್ಕೆ ನಾಲ್ಕು ಸೆಕೆಂಡಿನಂತೆ ಒಂದೂವರೆ ನಿಮಿಷಕ್ಕೂ ಹೆಚ್ಚು. ಡ್ರಮ್ಸ್ ನುಡಿಸುವ ಮಂಗಳೂರಿನ ಗೆಳೆಯ ಪೂರ್ತಿ ಕೇಳಿ, “ನುಡಿಸಿದ್ದು ಚೆನ್ನಾಗಿದೆ. ಆದರೆ ಹಾಡು ಎಲ್ಲಿಗೆ ಹೋಯಿತು ಮಾರಾಯ?” ಎಂದ.

ಮೊದಲು ಸರಿಯಾಗಬೇಕಾಗಿದ್ದು ಗಿಟಾರ್ ಅಲ್ಲ, ಸಾಹಿತ್ಯ. ‘ಗ್ರ್ಯಾವಿಟಿ’ಯ ನಡೆ ನಿಧಾನವಾದದ್ದು, ಒಂದೊಂದು ಬಡಿತವೂ ಒಳಗೆ ಮೂರಾಗಿ ಒಡೆಯುತ್ತದೆ. ನಮ್ಮ ಲೆಕ್ಕದಲ್ಲಿ ತಿಶ್ರ ನಡೆ. ನಾನು ಅದೇ ನಡೆಯಲ್ಲಿ ಬರೆದ ಮೊದಲ ಸಾಲು, “ನಾನು ನಿನ್ನನ್ನು ಮತ್ತೆ ಕರೆಯಲಾರೆ” ಎಂದಿತ್ತು. ಹಾಡಿದಾಗಲೆಲ್ಲ ‘ನಿನ್ನನ್ನು’ ಎಂಬಲ್ಲಿ ನಾಲಿಗೆ ಎಡವುತ್ತಿತ್ತು. ಕಾರಣ ಗೊತ್ತಾದದ್ದು ಶಾಲೆಯಲ್ಲಿ ಕಲಿತಂತೆ ಲಘು ಗುರು ಹಾಕಿ ಪ್ರಸ್ತಾರ ಮಾಡಿದ ಮೇಲೆ: ‘ನಾನು’ ಮೂರು ಮಾತ್ರೆ, ‘ನಿನ್ನನ್ನು’ ಐದು. ಮೂರರ ನಡೆಯಲ್ಲಿ ಐದು ಮಾತ್ರೆಯ ಪದ ಬಂದರೆ ಮುಂದಿನ ಪದಗಳೆಲ್ಲ ಬಡಿತ ತಪ್ಪಿ ಬೀಳುತ್ತವೆ. ಇಂಗ್ಲಿಷ್ ಹಾಡಿನ ಸಾಲುಗಳು ಎಷ್ಟೋ ಸಲ ಒತ್ತಿಲ್ಲದ ಒಂದು ಸಣ್ಣ ಪದದಿಂದ, ಬಡಿತಕ್ಕಿಂತ ಮುಂಚೆಯೇ ಶುರುವಾಗುತ್ತವೆ. ಕನ್ನಡದ ಪದಕ್ಕೆ ಒತ್ತು ಇರುವುದು ಮೊದಲ ಅಕ್ಷರದಲ್ಲಿ. ಅದನ್ನು ಬಡಿತದ ಮೇಲೆಯೇ ಇಡಬೇಕು.

ಸಾಲನ್ನು ಹರಿದುಹಾಕಿ “ಕೊನೆಯ ಬಸ್ಸು ಹೋದ ಮೇಲೆ” ಎಂದು ಬರೆದೆ. ಮೂರು, ಮೂರು, ಮೂರು, ಮೂರು: ಹನ್ನೆರಡು ಮಾತ್ರೆಗೆ ಸರಿಯಾಗಿ ಒಂದು ಬಾರ್. ಅದು ನನ್ನ ಜಾಣತನವೇನಲ್ಲ, ಮೂರು ಮಾತ್ರೆಯ ಗಣ ನಮ್ಮ ಭಾವಗೀತೆಗಳಲ್ಲಿ ಎಂದಿನಿಂದಲೂ ಓಡಾಡಿಕೊಂಡಿದೆ. ಆದರೆ ಬ್ಲೂಸ್‌ನ ಷಫಲ್ ಎಂಬ, ಮೂರರ ಮೇಲೆ ತೂಗುವ ನಡೆಗೆ ಅದು ಇಷ್ಟು ಸಲೀಸಾಗಿ ಕೂರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಇನ್ನೊಂದು ಅನುಕೂಲವೆಂದರೆ ಸಾಲು ಸ್ವರಾಕ್ಷರದಲ್ಲಿ ಮುಗಿಯುವುದರಿಂದ ‘ಮೇಲೆ...’ ಎಂದು ಬೇಕಾದಷ್ಟು ಎಳೆಯಬಹುದು, ಬೇಡವಾದಲ್ಲಿ ಬಿಟ್ಟು ಗಿಟಾರ್‌ಗೆ ಜಾಗ ಕೊಡಬಹುದು.

ಆ ಜಾಗದ ವಿಚಾರದಲ್ಲಿಯೇ ಆಲ್ಬಂ ನನಗೆ ನಿಜವಾಗಿ ಪಾಠ ಹೇಳಿತು. ಹೆಡ್‌ಫೋನ್ ಹಾಕಿಕೊಂಡು, ಕಾಗದದಲ್ಲಿ ಗೆರೆ ಎಳೆದು, ಹಾಡುಗಾರನ ದನಿ ಇರುವ ಕಡೆ ಒಂದು ಗುರುತು, ಗಿಟಾರ್ ಎದ್ದು ಕೇಳುವ ಕಡೆ ಇನ್ನೊಂದು ಗುರುತು ಹಾಕುತ್ತ ಹೋದೆ. ‘ಸ್ಲೋ ಡಾನ್ಸಿಂಗ್ ಇನ್ ಎ ಬರ್ನಿಂಗ್ ರೂಮ್’ ಹಾಡಿನ ಬಹುಪಾಲು ಸಿ ಶಾರ್ಪ್ ಮೈನರ್, ಎ, ಇ ಎಂಬ ಮೂರು ಕಾರ್ಡ್‌ಗಳ (ಒಟ್ಟಿಗೆ ಮೀಟುವ ಸ್ವರಗುಚ್ಛಗಳ) ಮೇಲೆ ನಿಂತಿದೆ. ಗಿಟಾರ್‌ನ ಎದ್ದ ಮಾತುಗಳು ಹೆಚ್ಚಾಗಿ ಸಾಲು ಮುಗಿದ ಮೇಲೆ ಬರುತ್ತವೆ. ಕಛೇರಿಯಲ್ಲಿ ಪಿಟೀಲು ವಾದಕರು ಮಾಡುವುದು ಇದನ್ನೇ: ಗಾಯಕರು ಉಸಿರೆಳೆದುಕೊಳ್ಳುವ ಜಾಗದಲ್ಲಿ ಅವರದೇ ಸಂಗತಿಯ (ಸಾಲನ್ನು ಬೆಳೆಸಿ ಹಾಡಿದ ಬಗೆಯ) ಬಾಲ ಹಿಡಿದು ಎರಡು ಸ್ವರ. ಬ್ಲೂಸ್‌ನಲ್ಲೂ ಇದು ಹಳೆಯ ರಿವಾಜು. ಬ್ಲೂಸ್ ಗಿಟಾರ್ ವಾದಕ, ಗಾಯಕ ಬಿ. ಬಿ. ಕಿಂಗ್ ಹಾಡುವಾಗ ನುಡಿಸುತ್ತಿರಲಿಲ್ಲ. ಸಾಲು ಮುಗಿದ ಮೇಲೆ ಗಿಟಾರ್ ಉತ್ತರ ಹೇಳುತ್ತಿತ್ತು. ನನ್ನ ಹಾಡಿನ ಗುರುತುಗಳನ್ನು ನೋಡಿದರೆ ಎರಡು ಗುರುತೂ ಒಂದರ ಮೇಲೊಂದು ಬಿದ್ದು ಕಾಗದವೇ ಕೆಸರಾಗಿತ್ತು.

ಇಪ್ಪತ್ತನಾಲ್ಕು ಬಾರನ್ನು ಎಂಟಕ್ಕೆ ಇಳಿಸಿದೆ. ಇಳಿಸಿದ ವಿಧಾನ ಸರಳ: ಸೋಲೋವನ್ನು ಮೊದಲು ಬಾಯಲ್ಲಿ ಹಾಡುವುದು, ಹಾಡಲಾಗದ್ದನ್ನು ಬಿಡುವುದು. ಬೆರಳಿಗೆ ರೂಢಿಯಾಗಿದ್ದ ವೇಗದ ಓಟಗಳು ಒಂದೂ ಉಳಿಯಲಿಲ್ಲ. ಉಳಿದದ್ದು ಜಿ ಮೇಜರ್ ಪೆಂಟಾಟೋನಿಕ್ ಎಂಬ ಶ್ರೇಣಿಯ ಐದು ಸ್ವರ, ಅಂದರೆ ನಮ್ಮ ಮೋಹನ ರಾಗದ ಸ್ವರಗಳೇ. ರಾಗ ಎನ್ನಲು ಮಾತ್ರ ನನಗೆ ಧೈರ್ಯವಿಲ್ಲ, ಸ್ವರ ಒಂದೇ ಆದರೂ ನಡವಳಿಕೆ ಬೇರೆ.

ಧೈರ್ಯ ಕಡಿಮೆಯಾಗಲು ಅಕ್ಕನೇ ಕಾರಣ. ಅವಳು ವೀಣೆ ಕಲಿತವಳು. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು ಅವಳಿಗೆ ನಿತ್ಯದ ಕೆಲಸ. ಎರಡನೆಯ ತಂತಿಯ ಹತ್ತನೆಯ ಫ್ರೆಟ್‌ನಲ್ಲಿ (ವೀಣೆಯ ಮೆಟ್ಟಿಲಿನಂಥ ಪಟ್ಟಿಯಲ್ಲಿ) ಒತ್ತಿ ಹನ್ನೆರಡನೆಯ ಫ್ರೆಟ್‌ನ ಸ್ವರಕ್ಕೆ ನಾನು ಬೆಂಡ್ ಮಾಡುತ್ತಿದ್ದೆ. ಆಕೆ ಕಾಫಿ ಲೋಟ ಕೈಯಲ್ಲಿ ಹಿಡಿದೇ, “ಎಳೆದೆ ಸರಿ ಕಣೋ, ಗಾಂಧಾರ ಮುಟ್ಟಲೇ ಇಲ್ಲ. ರಿಷಭದಿಂದ ಹೊರಟು ದಾರಿಯಲ್ಲೇ ಕೂತುಬಿಟ್ಟೆ,” ಎಂದಳು. ಅಂದಿನಿಂದ ದಿನವೂ ಅರ್ಧ ಗಂಟೆ, ಹನ್ನೆರಡನೆಯ ಫ್ರೆಟ್ ನೇರವಾಗಿ ಮೀಟಿ ಕಿವಿಯಲ್ಲಿ ಇಟ್ಟುಕೊಂಡು, ಆಮೇಲೆ ಹತ್ತರಿಂದ ಎಳೆಯುವುದು. ತೋರುಬೆರಳು, ನಡುಬೆರಳುಗಳನ್ನು ಉಂಗುರ ಬೆರಳಿನ ಹಿಂದೆ ಆಸರೆಗೆ ಇಟ್ಟು, ಬೆರಳಿಂದಲ್ಲದೆ ಮಣಿಕಟ್ಟಿನಿಂದ ತಿರುಗಿಸಿದರೆ ಎಳೆತ ಸ್ಥಿರವಾಗುತ್ತದೆ. ಎರಡು ವಾರ ಬೆರಳ ತುದಿ ಉರಿಯಿತು.

ರೆಕಾರ್ಡಿಂಗ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಆರಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ, ಗಿಟಾರ್ ಕತ್ತಿನ ಬಳಿ ದನಿ ಹಿಡಿಯುವ ನೆಕ್ ಪಿಕಪ್‌ನಲ್ಲಿ ವಾಲ್ಯೂಮ್ ಗುಂಡಿಯನ್ನು ಆರರ ಹತ್ತಿರ ಇಟ್ಟು ನುಡಿಸಿದೆ. ಆಗ ಗಟ್ಟಿಯಾಗಿ ಮೀಟಿದರೆ ಮಾತ್ರ ದನಿ ಒಡೆಯುತ್ತದೆ, ಮೆಲ್ಲನೆ ಮೀಟಿದರೆ ಶುಭ್ರವಾಗಿರುತ್ತದೆ. ಮಿಕ್ಸ್ ಮಾಡುವಾಗ ಗಿಟಾರ್ ಟ್ರ್ಯಾಕನ್ನು ಮೂರು ಡೆಸಿಬೆಲ್ ಇಳಿಸಲು ನನಗೆ ಬೇಕಾದದ್ದು ನಾಲ್ಕು ದಿನ.

ಈಗ ಹಾಡು ನಾಲ್ಕು ನಿಮಿಷ ಹತ್ತು ಸೆಕೆಂಡ್ ಇದೆ. ಡ್ರಮ್ಸ್ ಗೆಳೆಯ ಅದಕ್ಕೆ ಬರೀ ಬ್ರಷ್ ಹಿಡಿದು ನುಡಿಸಿದ್ದಾನೆ. ಸೋಲೋದ ಏಳನೆಯ ಬಾರ್‌ನಲ್ಲಿ ಬರುವ ಆ ಎಳೆತ ಇಂದಿಗೂ ಕೂದಲೆಳೆಯಷ್ಟು ಕೆಳಗಿದೆ. ಉಳಿದದ್ದೆಲ್ಲ ಆ ಟೇಕ್‌ನಲ್ಲಿ ಚೆನ್ನಾಗಿ ಬಂದಿದ್ದರಿಂದ ಬದಲಿಸಲಿಲ್ಲ. ಅಕ್ಕ ಕೇಳಿದಾಗಲೆಲ್ಲ ಆ ಜಾಗ ಬರುವ ಮುಂಚೆಯೇ ನನ್ನ ಕಡೆ ತಿರುಗಿ, “ಗಾಂಧಾರ,” ಎಂದಷ್ಟೇ ಹೇಳುತ್ತಾಳೆ.