ಒಂದು ನಿಮಿಷಕ್ಕೆ ಎಷ್ಟು ಅಕ್ಷರ? ಅಳೆಯುವ ಸರಿಯಾದ ಕ್ರಮ

ಮಗುವಿಗೆ ಅಕ್ಷರ ಬರುತ್ತದೆಯೇ ಎಂದು ಕೇಳುವುದು ಬೇರೆ, ಎಷ್ಟು ಸರಾಗವಾಗಿ ಬರುತ್ತದೆ ಎಂದು ಅಳೆಯುವುದು ಬೇರೆ. ಒಂದು ನಿಮಿಷದಲ್ಲಿ ಮಗು ಎಷ್ಟು ಅಕ್ಷರ ಸರಿಯಾಗಿ ಓದುತ್ತದೆ ಎಂದು ಎಣಿಸುವುದೇ ಈ ಅಳತೆ. ‘ತ’ ನೆನಪಿಸಿಕೊಳ್ಳಲು ಐದು ಸೆಕೆಂಡು ಬೇಕಾದ ಮಗು ‘ತರಗತಿ’ಯ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಅಕ್ಷರ ಮರೆತಿರುತ್ತದೆ.

ಮೊದಲು ಹಾಳೆ. ಹತ್ತು ಸಾಲು, ಸಾಲಿಗೆ ಹತ್ತರಂತೆ 100 ಅಕ್ಷರ. ಹೆಚ್ಚು ಬಳಕೆಯವು ಮತ್ತೆ ಮತ್ತೆ ಬರಲಿ, ಙ, ಞ ಬಿಡಿ. ವರ್ಣಮಾಲೆಯ ಕ್ರಮವೂ ಬೇಡ, ಸರ್ಕಾರಿ ಶಾಲೆಯ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯ ‘ರ ಗ ಸ ದ ಅ’ ಕ್ರಮವೂ ಬೇಡ. ಎರಡೂ ಮಕ್ಕಳಿಗೆ ಬಾಯಿಪಾಠ. ಅಂಗಡಿಯ ಬಣ್ಣದ ಚಾರ್ಟು ಇದಕ್ಕೆ ಬರುವುದಿಲ್ಲ. ಮಗು ಆನೆ ನೋಡಿ ‘ಆ’ ಎನ್ನುತ್ತದೆ. ಮಗುವಿಗೊಂದು ಪ್ರತಿ, ಗುರುತು ಹಾಕಲು ನಿಮಗೊಂದು.

ಅಳೆಯುವವರು ಎಡವುವುದು ಆ ಒಂದು ನಿಮಿಷದಲ್ಲೇ. ‘ಅಕ್ಷರ ಮಾತ್ರ ಹೇಳು, ಅರಸ, ಆನೆ ಬೇಡ’ ಎಂದು ಮೊದಲೇ ಹೇಳಿ, ಬೇರೆ ಚೀಟಿಯಲ್ಲಿ ಎರಡು ಅಕ್ಷರ ಓದಿಸಿ ನೋಡಿ. ಮಗು ಮೊದಲ ಅಕ್ಷರಕ್ಕೆ ಬಾಯಿ ತೆರೆದಾಗ ಗಡಿಯಾರ ಒತ್ತಿ, ‘ಶುರು ಮಾಡು’ ಎಂದಾಗಲ್ಲ. ಮೊಬೈಲ್ ಮಗುವಿನ ಕಣ್ಣಿಗೆ ಬೀಳದಿರಲಿ, ಇಲ್ಲದಿದ್ದರೆ ಓಡುವ ಅಂಕಿಯನ್ನೇ ನೋಡುತ್ತದೆ. ತಪ್ಪಿದ ಅಕ್ಷರಕ್ಕೆ ಅಡ್ಡಗೀಟು. ತಾನೇ ತಿದ್ದಿಕೊಂಡರೆ ಆ ಗೀಟಿಗೆ ಸುತ್ತು ಹಾಕಿ ಸರಿ ಎಂದೇ ಎಣಿಸಿ. ಮೂರು ಸೆಕೆಂಡು ತಡವರಿಸಿದರೆ ‘ಮುಂದಿನದು’ ಎಂದು ಬೆರಳಿಟ್ಟು ತೋರಿಸಿ, ಬಿಟ್ಟದ್ದು ತಪ್ಪು. ‘ಹೂಂ’ಗುಟ್ಟುವುದು, ತಲೆಯಾಡಿಸುವುದು, ಸರಿ ಉತ್ತರ ಉಸುರುವುದು ಮೂರೂ ಕೂಡದು. ಮೇಷ್ಟರಿಗೆ ಇದೇ ಕಷ್ಟ: ಕಲಿಸುವ ಬಾಯಿ ಸುಮ್ಮನಿರುವುದಿಲ್ಲ. ಮೊದಲ ಸಾಲಿನಲ್ಲಿ ಒಂದೂ ಸರಿಯಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಮಗುವನ್ನು ಹಿಂಸಿಸಬೇಡಿ.

ಉಚ್ಚಾರಣೆಯ ವಿಷಯ ಮೊದಲೇ ತೀರ್ಮಾನಿಸಿ. ‘ಹಾಲು’ವನ್ನು ‘ಆಲು’ ಎನ್ನುವ ಮನೆಯ ಮಗು ‘ಹ’ವನ್ನು ‘ಅ’ ಎಂದರೆ ಅದು ಆಡುಮಾತು, ತಪ್ಪಲ್ಲ. ‘ಶ’ವನ್ನು ‘ಸ’ ಎಂದರೂ ಹಾಗೆಯೇ. ‘ಮ’ವನ್ನು ‘ವ’ ಎಂದರೆ, ‘ಷ’ವನ್ನು ‘ಪ’ ಎಂದರೆ ಮಾತ್ರ ಕಣ್ಣು ಎಡವಿದೆ. ‘ಭ’ಕ್ಕೆ ‘ಬ’ ಎಂದರೆ ಅದು ಆಡುಮಾತೋ, ಕಣ್ಣಿನ ತಪ್ಪೋ ಕಿವಿಗೆ ತಿಳಿಯದು. ಗಡಿಯಾರ ನಿಂತ ಮೇಲೆ ಎರಡೂ ಅಕ್ಷರ ಬರೆದು ‘ಭತ್ತದ ಅಕ್ಷರ ಯಾವುದು?’ ಎಂದು ಕೇಳಿ. ಕೆಲವರು ಆಡುಮಾತಿನ ಉಚ್ಚಾರಣೆಯನ್ನೂ ತಪ್ಪೆಂದು ಗೀಟು ಹಾಕುತ್ತಾರೆ. ಆಗ ಅಳೆದದ್ದು ಮಗುವಿನ ಊರನ್ನು, ಓದನ್ನಲ್ಲ.

ಲೆಕ್ಕ ಸುಲಭ. ನಿಮಿಷ ಮುಗಿದಾಗ 47ನೇ ಅಕ್ಷರ, ತಪ್ಪು 6, ಅಂಕ 41. 50 ಸೆಕೆಂಡಿಗೇ ನೂರೂ ಮುಗಿದು 4 ತಪ್ಪಿದ್ದರೆ 96 × 60 ÷ 50, ಅಂದರೆ ಸುಮಾರು 115. ಮುಂದಿನ ಸಲಕ್ಕೆ ಅಕ್ಷರ ಕಲಸಿದ ಬೇರೆ ಹಾಳೆ ಬೇಕು. ಅಂಕದ ಪಕ್ಕದಲ್ಲೇ ತಪ್ಪಿದ್ದನ್ನೂ ಬರೆದಿಡಿ: ‘41, ಷ, ಢ, ಮ–ವ’. ನಾಳೆ ಯಾವ ಅಕ್ಷರ ಹಿಡಿಯಬೇಕೆಂದು ಹೇಳುವುದು ಆ ಎರಡನೆಯ ಭಾಗ.