ಮಖಚೇವ್–ವೊಲ್ಕನೊವ್‌ಸ್ಕಿ ಫೈಟಿಗೆ ನಾನು ಅಂದಾಜು ಕಟ್ಟಿದ್ದು ಹೀಗೆ

ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಹೊಡೆದಾಟದ ಆಟ, ನೋಡುವವರು ಫೈಟ್ ಹತ್ತಿರ ಬಂದಾಗ ಕೇಳುವುದು ಒಂದೇ ಪ್ರಶ್ನೆ: ಯಾರು ಗೆಲ್ತಾರೆ? ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಕೇಳಿಕೊಳ್ಳುವುದು, ಈ ಫೈಟ್ ನಡೆಯೋದು ಎಲ್ಲಿ ಅಂತ. ಊರಿನ ಮಾತಲ್ಲ, ಕೇಜಿನ ಒಳಗಿನ ಮಾತು. ಇಬ್ಬರೂ ದೂರ ನಿಂತು ಹೊಡೆದಾಡುತ್ತಾರಾ, ಬೇಲಿಗೆ ಒತ್ತಿ ಹಿಡಿದು ಗುದ್ದಾಡುತ್ತಾರಾ, ಇಲ್ಲ ನೆಲದ ಮೇಲೆ ಉರುಳಾಡುತ್ತಾರಾ? ಯಾವ ಜಾಗದಲ್ಲಿ ಜಾಸ್ತಿ ಹೊತ್ತು ಕಳೆಯುತ್ತದೆ, ಅಲ್ಲಿಗೆ ಎಳೆದುಕೊಂಡು ಹೋಗುವ ತಾಕತ್ತು ಯಾರಿಗಿದೆ ಅನ್ನೋದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಕೂತಿರುವ ಹಿರಿಯ ಪೈಲ್ವಾನರು ಹೆಸರು, ಬಿರುದು ನೋಡಿ ಜೋಡಿ ಕಟ್ಟುವುದಿಲ್ಲ. ಹುಡುಗನ ತೂಕ, ಭುಜ, ನಿಲ್ಲುವ ರೀತಿ ನೋಡುತ್ತಾರೆ. ನಾನು ಮಾಡುವುದೂ ಅದೇ, ಪರದೆಯ ಮುಂದೆ ಕೂತು ಅಷ್ಟೇ.

ಒಂದು ಫೈಟ್ ಇಟ್ಟುಕೊಂಡು ಹೇಳುತ್ತೇನೆ. 2023ರ ಫೆಬ್ರವರಿ, ಆಸ್ಟ್ರೇಲಿಯಾದ ಪರ್ತ್, ಯುಎಫ್‌ಸಿ ಅನ್ನುವ ಎಂಎಂಎ ಸಂಸ್ಥೆಯ 284ನೇ ಕಾರ್ಯಕ್ರಮ. ಒಂದು ಕಡೆ ರಷ್ಯಾದ ದಾಗೆಸ್ತಾನದ ಇಸ್ಲಾಂ ಮಖಚೇವ್, 155 ಪೌಂಡ್ ಚಾಂಪಿಯನ್. ಇನ್ನೊಂದು ಕಡೆ ಆಸ್ಟ್ರೇಲಿಯಾದ ಅಲೆಕ್ಸಾಂಡರ್ ವೊಲ್ಕನೊವ್‌ಸ್ಕಿ, 145 ಪೌಂಡ್ ಚಾಂಪಿಯನ್, ಒಂದು ಮೆಟ್ಟಿಲು ಮೇಲಿನ ತೂಕಕ್ಕೆ ಬರುತ್ತಿದ್ದಾನೆ. ಇಬ್ಬರ ದಾಖಲೆಯಲ್ಲೂ ಒಂದೊಂದೇ ಸೋಲು. ಮಖಚೇವ್ ಸೋತಿದ್ದು 2015ರಲ್ಲಿ, ಆಡ್ರಿಯಾನೊ ಮಾರ್ಟಿನ್ಸ್ ಕೈಯಲ್ಲಿ, ಮೊದಲ ಸುತ್ತಿನಲ್ಲೇ. ವೊಲ್ಕನೊವ್‌ಸ್ಕಿ ಸೋತಿದ್ದು 2013ರಲ್ಲಿ, ಅದೂ ಯುಎಫ್‌ಸಿಗೆ ಬರುವ ಮೊದಲು. ಇಂಥ ಫೈಟಿನಲ್ಲಿ ಗೆಲುವು-ಸೋಲಿನ ಪಟ್ಟಿ ನೋಡಿ ಏನೂ ಸಿಗುವುದಿಲ್ಲ.

ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ. ದುಡ್ಡಿನ ಆಟ ಇಲ್ಲ, ಬೆಟ್ಟಿಂಗ್ ಇಲ್ಲ. ಫೈಟಿನ ಹಿಂದಿನ ರಾತ್ರಿ ಒಳಗೆ ಪ್ರತಿಯೊಬ್ಬರೂ ಹೆಸರಿನ ಜೊತೆ ಶೇಕಡಾ ಎಷ್ಟು ಅಂತ ಒಂದು ನಂಬರ್ ಹಾಕಬೇಕು. "ಇಸ್ಲಾಂ ಗೆಲ್ತಾನೆ ಬಿಡು ಮಗಾ" ಅಂದರೆ ನಡೆಯುವುದಿಲ್ಲ. ಎಷ್ಟು ಗ್ಯಾರಂಟಿ, ಹೇಳು. ಈ ಒಂದು ನಿಯಮದಿಂದಲೇ ಗ್ರೂಪಿನಲ್ಲಿ ಅರ್ಧಕ್ಕರ್ಧ ಜಗಳ ನಿಂತುಹೋಯಿತು.

ಹಳೆಯ ಫೈಟುಗಳನ್ನು ನೋಡುವಾಗ ನಾನು ಸೌಂಡ್ ಆಫ್ ಮಾಡಿರುತ್ತೇನೆ. ಕಾಮೆಂಟ್ರಿ ಕೇಳಿದರೆ ಅವರು ಯಾರನ್ನು ಹೊಗಳುತ್ತಾರೋ ಅವನೇ ಗೆಲ್ಲುತ್ತಿರುವ ಹಾಗೆ ಕಾಣುತ್ತದೆ. ಇನ್ನೊಂದು, ಸುಲಭವಾಗಿ ಗೆದ್ದ ಫೈಟುಗಳನ್ನು ನಾನು ಬೇಗ ಬೇಗ ಓಡಿಸುತ್ತೇನೆ. ಮಖಚೇವ್ ಚಾರ್ಲ್ಸ್ ಒಲಿವೇರಾ ಅನ್ನುವವನನ್ನು ಅಬುಧಾಬಿಯಲ್ಲಿ ಎರಡನೇ ಸುತ್ತಿನಲ್ಲಿ ಕತ್ತು ಹಿಸುಕಿ ಬೆಲ್ಟ್ ಗೆದ್ದದ್ದು ನೋಡೋಕೆ ಚೆನ್ನ, ಅಂದಾಜಿಗೆ ಅಷ್ಟು ಉಪಯೋಗ ಇಲ್ಲ. ನನಗೆ ಬೇಕಾಗಿದ್ದು ಅವನು ಬೆವರು ಸುರಿಸಿ ಗೆದ್ದ ಫೈಟ್. ಅದು 2019ರ ಏಪ್ರಿಲ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದಿತ್ತು, ಅರ್ಮಾನ್ ತ್ಸಾರುಕ್ಯಾನ್ ಎದುರು. ತ್ಸಾರುಕ್ಯಾನ್‌ಗೆ ಅದು ಯುಎಫ್‌ಸಿಯಲ್ಲಿ ಮೊದಲ ಫೈಟ್. ಕೆಳಗೆ ಬಿದ್ದರೂ ಅಲ್ಲೇ ಕೂರದೆ ತಿರುಗಿ, ಮೊಣಕಾಲೂರಿ, ಮತ್ತೆ ಎದ್ದು ನಿಲ್ಲುತ್ತಿದ್ದ. ಮೂರೂ ಸುತ್ತು ಎಳೆದ. ಕೆಡವಿದ ತಕ್ಷಣ ಕೈಚೆಲ್ಲದೆ ಏಳುವವನು ಸಿಕ್ಕರೆ ಮಖಚೇವ್ ಕೂಡ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ ಅನ್ನುವುದನ್ನು ಅಲ್ಲಿ ಬರೆದುಕೊಂಡೆ.

ಆಮೇಲೆ ಬೇಲಿಯ ಹತ್ತಿರದ ದೃಶ್ಯಗಳನ್ನು ಮಾತ್ರ ಆರಿಸಿ ನಿಧಾನಕ್ಕೆ ನೋಡಿದೆ. ಮಖಚೇವ್ ದೂರದಿಂದ ನೇರವಾಗಿ ಕಾಲಿಗೆ ಬೀಳುವುದಕ್ಕಿಂತ ಮೈಗೆ ಮೈ ಅಂಟಿಸಿ, ಸೊಂಟದ ಸುತ್ತ ಎರಡೂ ಕೈ ಬೆಸೆದು, ಕಾಲು ಅಡ್ಡ ಕೊಟ್ಟು ಕೆಡವುವುದನ್ನು ಇಷ್ಟಪಡುತ್ತಾನೆ. ಹಾಗಾಗಿ ನೋಡಬೇಕಾದ ಜಾಗ ಅವನ ಕೈ. ಎರಡೂ ಅಂಗೈ ಎದುರಾಳಿಯ ಬೆನ್ನ ಹಿಂದೆ ಸೇರಿತೋ, ಮುಂದಿನ ಎರಡು ಮೂರು ಸೆಕೆಂಡಿನಲ್ಲಿ ಆ ಮನುಷ್ಯ ನೆಲದ ಮೇಲೆ. ಕೈ ಸೇರುವ ಮೊದಲೇ ಮಣಿಕಟ್ಟು ಹಿಡಿದು ಬಿಡಿಸಿಕೊಂಡರೆ ಬಚಾವ್.

ವೊಲ್ಕನೊವ್‌ಸ್ಕಿ ಇದೇ ಕೆಲಸದಲ್ಲಿ ಗಟ್ಟಿಗ. ಬೆನ್ನು ಬೇಲಿಗೆ ತಾಗಿದ ಕೂಡಲೇ ಅವನ ಎರಡೂ ಕೈ ಎದುರಾಳಿಯ ಒಂದು ಮಣಿಕಟ್ಟಿನ ಮೇಲೆ ಹೋಗುತ್ತವೆ. ಚಿಕ್ಕಂದಿನಲ್ಲಿ ಗ್ರೀಕೊ-ರೋಮನ್ ಕುಸ್ತಿ ಮಾಡಿದವನು, ಆಮೇಲೆ ರಗ್ಬಿ ಲೀಗ್ ಆಡುತ್ತಿದ್ದಾಗ 97 ಕಿಲೋ ತೂಗುತ್ತಿದ್ದವನು. ಅದನ್ನು ಮರೆತು "ಸಣ್ಣ ತೂಕದವನು, ಇಸ್ಲಾಂ ಎತ್ತಿ ಒಗೀತಾನೆ" ಅಂದುಬಿಡುವುದು ಸುಲಭ. ನೆಲದ ಮೇಲಿನ ಧೈರ್ಯಕ್ಕೆ 2021ರ ಸೆಪ್ಟೆಂಬರ್‌ನ ಬ್ರಯಾನ್ ಒರ್ಟೆಗಾ ಫೈಟ್ ಸಾಕು. ಮೂರನೇ ಸುತ್ತಿನಲ್ಲಿ ಒರ್ಟೆಗಾ ಎದೆಯ ಮೇಲೆ ಕೂತು ಕತ್ತು ಹಿಡಿದ, ಆಮೇಲೆ ಕಾಲುಗಳ ನಡುವೆ ಕತ್ತು ಸಿಕ್ಕಿಸಿ ಬಿಗಿಯುವ ತ್ರಿಕೋನ ಪಟ್ಟು ಹಾಕಿದ. ಎರಡರಿಂದಲೂ ವೊಲ್ಕನೊವ್‌ಸ್ಕಿ ಹೊರಬಂದ. ಬಂದು ಸುಮ್ನೆ ಉಸಿರೆಳೆದುಕೊಳ್ಳಲಿಲ್ಲ, ಮೇಲೆ ಕೂತು ಹೊಡೆದ.

ಅಳತೆಯಲ್ಲೂ ಒಂದು ತಮಾಷೆ ಇತ್ತು. ಮಖಚೇವ್ 5 ಅಡಿ 10 ಇಂಚು, ವೊಲ್ಕನೊವ್‌ಸ್ಕಿ 5 ಅಡಿ 6 ಇಂಚು. ಆದರೆ ತೋಳು ಚಾಚಿದರೆ ಗಿಡ್ಡ ಮನುಷ್ಯನದೇ ಒಂದಿಂಚು ಉದ್ದ. ಪೋಸ್ಟರ್‌ನಲ್ಲಿ ಅಕ್ಕಪಕ್ಕ ನಿಲ್ಲಿಸಿದಾಗ ಇದು ಕಾಣುವುದೇ ಇಲ್ಲ.

ಇಷ್ಟಾದ ಮೇಲೆ ಐದು ಸುತ್ತಿಗೆ ಐದು ಸಾಲು ಬರೆಯುತ್ತೇನೆ. ಪ್ರತಿ ಸುತ್ತು ಮಖಚೇವ್ ಗೆಲ್ಲುವ ಸಾಧ್ಯತೆ ಎಷ್ಟು ಅಂತ. ಮೊದಲನೆಯದಕ್ಕೆ 70 ಹಾಕಿದೆ, ಎರಡಕ್ಕೆ 65. ಆಮೇಲೆ 50, 45, 40. ಮೊದಲ ಎರಡು ಸುತ್ತಿನಲ್ಲಿ ದೊಡ್ಡ ಮೈ, ತಾಜಾ ಶಕ್ತಿ, ಎಡಗೈ ನಿಲುವು ಎಲ್ಲ ಮಖಚೇವ್ ಕಡೆಗಿದ್ದವು. ಹೊತ್ತು ಕಳೆದ ಹಾಗೆ ವೊಲ್ಕನೊವ್‌ಸ್ಕಿ ಎದುರಾಳಿಯನ್ನು ಓದಿಕೊಳ್ಳುತ್ತಾನೆ, ಐದು ಸುತ್ತಿನ ಅಭ್ಯಾಸವೂ ಅವನಿಗೇ ಜಾಸ್ತಿ. ಮ್ಯಾಕ್ಸ್ ಹಾಲೊವೇ ಜೊತೆಗೇ ಮೂರು ಸಲ ಪೂರ್ತಿ ಐದು ಸುತ್ತು ಆಡಿದ್ದ.

ಸುತ್ತಿನ ಲೆಕ್ಕ ಹಾಕುವಾಗ ಜಡ್ಜ್‌ಗಳ ನಿಯಮ ತಲೆಯಲ್ಲಿರಬೇಕು. ಮೊದಲು ನೋಡುವುದು ಪರಿಣಾಮ: ಹೊಡೆತ ಎಷ್ಟು ತಟ್ಟಿತು, ಕುಸ್ತಿಯಿಂದ ನಿಜಕ್ಕೂ ಏನಾಯಿತು. ಅದರಲ್ಲಿ ಇಬ್ಬರೂ ಸರಿಸಮ ಇದ್ದರೆ ಮಾತ್ರ ಮುನ್ನುಗ್ಗಿದ್ದು ಯಾರು ಅಂತ ನೋಡುತ್ತಾರೆ. ಅದೂ ಸಮ ಆದರೆ ಕೇಜ್ ಯಾರ ಹಿಡಿತದಲ್ಲಿತ್ತು ಅನ್ನೋದು. ಕೆಳಗೆ ಹಾಕಿ ಸುಮ್ನೆ ಅಪ್ಪಿಕೊಂಡು ಮಲಗಿದರೆ ಸುತ್ತು ಸಿಕ್ಕೇಬಿಡುತ್ತದೆ ಅಂತ ಲೆಕ್ಕ ಹಾಕುವವರು ಇವತ್ತಿಗೂ ಇದ್ದಾರೆ.

ನನ್ನ ಐದು ಸಾಲಿನಿಂದ ಐದರಲ್ಲಿ ಮೂರು ಸುತ್ತಾದರೂ ಗೆಲ್ಲುವ ಸಾಧ್ಯತೆ ಲೆಕ್ಕ ಹಾಕಿದರೆ, ಫೈಟ್ ಪೂರ್ತಿ ನಡೆದರೆ ಮಖಚೇವ್ ಗೆಲ್ಲುವುದು ನೂರಕ್ಕೆ 58 ಸಲ. ನಡುವೆಯೇ ಮುಗಿಸುವ ಸಾಧ್ಯತೆ ಮಖಚೇವ್‌ಗೆ 22, ವೊಲ್ಕನೊವ್‌ಸ್ಕಿಗೆ 6 ಅಂತ ಇಟ್ಟೆ. ಉಳಿದ 72ರಲ್ಲಿ 58 ಪರ್ಸೆಂಟ್ ಅಂದರೆ 42. ಅದಕ್ಕೆ 22 ಸೇರಿಸಿ, ಒಟ್ಟು 64. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು, ದೊಡ್ಡ ವಿದ್ಯೆ ಏನಿಲ್ಲ.

ಇದು ಆದ ಮೇಲೆಯೇ ಬುಕ್ಕಿಗಳ ದರ ನೋಡುವುದು. ಮೊದಲೇ ನೋಡಿದರೆ ನಮ್ಮ ನಂಬರ್ ತಾನಾಗಿ ಅತ್ತ ವಾಲುತ್ತದೆ. ಆ ಫೈಟಿಗೆ ಅಮೆರಿಕದ ಲೆಕ್ಕದಲ್ಲಿ ಹತ್ತಿರ ಹತ್ತಿರ ಮಖಚೇವ್‌ಗೆ ಮೈನಸ್ 400, ವೊಲ್ಕನೊವ್‌ಸ್ಕಿಗೆ ಪ್ಲಸ್ 300 ಇತ್ತು. ಮೈನಸ್ 400 ಅಂದರೆ 400 ಕಟ್ಟಿದರೆ 100 ಲಾಭ; 500ಕ್ಕೆ 400, ಅಂದರೆ 80 ಪರ್ಸೆಂಟ್. ಪ್ಲಸ್ 300 ಅಂದರೆ 100 ಕಟ್ಟಿದರೆ 300 ಲಾಭ; 400ಕ್ಕೆ 100, ಅಂದರೆ 25. ಕೂಡಿದರೆ 105. ಆ ಮೇಲಿನ 5 ಬುಕ್ಕಿಯ ಕಮಿಷನ್. ಅದನ್ನು ತೆಗೆದರೆ ಮಖಚೇವ್‌ಗೆ 76. ನನ್ನದು 64. ಹನ್ನೆರಡರ ಅಂತರ ಸಣ್ಣದಲ್ಲ. ಲಕ್ಷಾಂತರ ಜನರ ದುಡ್ಡಿನಿಂದ ಬಂದ ನಂಬರ್ ಅದು, ನನ್ನದು ಒಬ್ಬನ ಕಣ್ಣಿನದು. ಆದರೂ ನಾನು ಬದಲಾಯಿಸಲಿಲ್ಲ. ದರದಲ್ಲಿ ತೂಕದ ಭಯ ಜಾಸ್ತಿ ಸೇರಿದೆ, ಮಣಿಕಟ್ಟಿನ ಹಿಡಿತ ಕಡಿಮೆ ಸೇರಿದೆ ಅನ್ನಿಸಿತ್ತು.

ನಮಗಿಲ್ಲಿ ಅದು ಭಾನುವಾರ ಬೆಳಗ್ಗೆ. ಐದೂ ಸುತ್ತು ನಡೆಯಿತು. ನಾಲ್ಕನೇ ಸುತ್ತಿನಲ್ಲಿ ಮಖಚೇವ್ ಎದುರಾಳಿಯ ಬೆನ್ನಿಗೆ ಅಂಟಿಕೊಂಡು ಕಾಲನ್ನು ಹೊಟ್ಟೆಯ ಸುತ್ತ ಬಿಗಿದಿದ್ದ. ಆ ಸ್ಥಿತಿಯಲ್ಲೂ ವೊಲ್ಕನೊವ್‌ಸ್ಕಿ ಹಿಂದಕ್ಕೆ ಮುಷ್ಟಿ ಬೀಸುತ್ತಾ ಇದ್ದ. ಐದನೇ ಸುತ್ತಿನ ಕೊನೆಗೆ ಮಖಚೇವ್‌ನನ್ನೇ ಕೆಳಗೆ ಬೀಳಿಸಿ ಮೇಲಿಂದ ಹೊಡೆಯುತ್ತಿದ್ದಾಗ ಗಂಟೆ ಬಾರಿಸಿತು. ಮೂವರು ಜಡ್ಜ್‌ಗಳ ಅಂಕ 48-47, 48-47, 49-46, ಮೂರೂ ಮಖಚೇವ್‌ಗೆ.

ಗ್ರೂಪಿನಲ್ಲಿ ಅಂಕ ಕೊಡುವುದು ಹೀಗೆ: ಗೆದ್ದವನಿಗೆ ನೀವು ಕೊಟ್ಟ ಸಾಧ್ಯತೆಯನ್ನು 1ರಿಂದ ಕಳೆದು, ವರ್ಗ ಮಾಡಬೇಕು. ಕಡಿಮೆ ಬಂದಷ್ಟೂ ಒಳ್ಳೆಯದು. ನನಗೆ 0.36ರ ವರ್ಗ, ಸುಮಾರು 0.13. 85 ಹಾಕಿದ್ದ ಗೆಳೆಯನಿಗೆ ಬರೀ 0.02. ಫೈಟ್ ನಡೆದ ರೀತಿ ನೋಡಿದರೆ 85 ಎಲ್ಲಿಂದ ಬಂತು ಅಂತ ಕೇಳಬೇಕು ಅನ್ನಿಸುತ್ತದೆ, ಆದರೆ ಅಂಕಕ್ಕೆ ಹೊಟ್ಟೆಕಿಚ್ಚು ಗೊತ್ತಾಗಲ್ಲ. ಒಂದೇ ಫೈಟಿನಲ್ಲಿ ಯಾರ ಅಂದಾಜು ಚೆನ್ನ ಅಂತ ಹೇಳಲು ಬರುವುದಿಲ್ಲ. ವರ್ಷವಿಡೀ ಕೂಡಿಸಿದಾಗ 85 ಅಂದಲ್ಲೆಲ್ಲ ನಿಜಕ್ಕೂ 85ರ ಹತ್ತಿರ ಬಂದಿದೆಯಾ ಅಂತ ನೋಡಬೇಕು.

ಇದೇ ಜೋಡಿ ಅದೇ ವರ್ಷ ಅಕ್ಟೋಬರ್ 21ಕ್ಕೆ ಅಬುಧಾಬಿಯಲ್ಲಿ ಮತ್ತೆ ಎದುರಾಯಿತು. ಆಡಬೇಕಾಗಿದ್ದವನು ಒಲಿವೇರಾ. ತಾಲೀಮಿನಲ್ಲಿ ಹುಬ್ಬು ಸೀಳಿಕೊಂಡು ಹಿಂದೆ ಸರಿದ. ಫೈಟಿಗೆ 11 ದಿನ ಇರುವಾಗ ವೊಲ್ಕನೊವ್‌ಸ್ಕಿ ಒಪ್ಪಿಕೊಂಡ. ಗ್ರೂಪಿನಲ್ಲಿ ಹಬ್ಬ. "ಹೋದ ಸಲ ಇಷ್ಟರಲ್ಲಿ ತಪ್ಪಿತು ಗುರು, ಈ ಸಲ ಬಿಡಲ್ಲ."

ನಾನು ಹಳೆಯ ಐದು ಸಾಲನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆದೆ. ಪರ್ತ್‌ನಲ್ಲಿ ವೊಲ್ಕನೊವ್‌ಸ್ಕಿ ಚೆನ್ನಾಗಿ ಕಂಡದ್ದು ಕೊನೆಕೊನೆಗೆ. ಆ ಕೊನೆಯ ಸುತ್ತುಗಳಿಗೆ ಬೇಕಾದ ಉಸಿರು ಬರುವುದು ತಿಂಗಳುಗಟ್ಟಲೆ ತಾಲೀಮಿನಿಂದ. ಜುಲೈ ಫೈಟಿನ ನಂತರ ಅವನ ತೋಳಿಗೆ ಆಪರೇಷನ್ ಕೂಡ ಆಗಿತ್ತು. ಇನ್ನೊಂದು ಕಡೆ ಮಖಚೇವ್‌ಗೆ ಪೂರ್ತಿ ತಯಾರಿ. ತರಾತುರಿಯಲ್ಲಿ ಬಂದವರ ಎದುರು ಅವನು ಏನು ಮಾಡುತ್ತಾನೆ ಅಂತ 2022ರ ಫೆಬ್ರವರಿಯಲ್ಲೇ ನೋಡಿದ್ದೆವು. ಬಾಬಿ ಗ್ರೀನ್ ಎರಡು ವಾರದ ಹಿಂದಷ್ಟೇ ಇನ್ನೊಂದು ಫೈಟ್ ಆಡಿ ಬಂದಿದ್ದ, ಮೊದಲ ಸುತ್ತಿನಲ್ಲೇ ಮುಗಿಯಿತು.

ಹಾಗಂತ ತರಾತುರಿ ಅಂದ ಕೂಡಲೇ ಸೋಲು ಅಂತಲ್ಲ. 2016ರ ಮಾರ್ಚ್‌ನಲ್ಲಿ ನೇಟ್ ಡಯಾಜ್ ಕೂಡ 11 ದಿನದ ನೋಟಿಸಿನಲ್ಲೇ ಬಂದು ಕಾನರ್ ಮೆಕ್‌ಗ್ರೆಗರ್‌ನ ಕತ್ತು ಹಿಸುಕಿ ಗೆದ್ದ. ಆದರೆ ಆ ಫೈಟನ್ನು 170 ಪೌಂಡಿಗೆ ಏರಿಸಿದ್ದರಿಂದ ಡಯಾಜ್‌ಗೆ ತೂಕ ಇಳಿಸುವ ತಾಪತ್ರಯ ಇರಲಿಲ್ಲ. ಅಬುಧಾಬಿಯ ಅದೇ ಕಾರ್ಡಿನಲ್ಲಿ, ಅಂದರೆ ಆ ದಿನದ ಫೈಟುಗಳ ಪಟ್ಟಿಯಲ್ಲಿ, ಕಮಾರು ಉಸ್ಮಾನ್ ಕೂಡ ಕೊನೇ ಗಳಿಗೆಯಲ್ಲಿ ಬಂದವನೇ. ಖಮ್ಜತ್ ಚಿಮೇವ್ ಎದುರು ಸೋತರೂ ತೀರ್ಪಿನ ತನಕ ನಿಂತ. ಅದು ಮೂರು ಸುತ್ತಿನ ಫೈಟ್. ಐದು ಸುತ್ತು, ಎದುರಿಗೆ ಮಖಚೇವ್, ಮೈಯಲ್ಲಿ ಅರ್ಧ ತಯಾರಿ: ಈ ಮೂರೂ ಒಟ್ಟಿಗೆ ಸೇರಿದ್ದರಿಂದ ನಾನು ಮಖಚೇವ್‌ಗೆ 79 ಹಾಕಿದೆ, ಪೂರ್ತಿ ನಡೆಯುವುದಕ್ಕಿಂತ ನಡುವೆ ಮುಗಿಯುವ ಸಾಧ್ಯತೆಯೇ ಹೆಚ್ಚು ಅಂತಲೂ ಬರೆದೆ. ಮಖಚೇವ್‌ನ ಎಡಗಾಲಿನ ಒದೆ ವೊಲ್ಕನೊವ್‌ಸ್ಕಿಯ ತಲೆಗೆ ಬಿತ್ತು, ಮೊದಲ ಸುತ್ತಿನ 3 ನಿಮಿಷ 6 ಸೆಕೆಂಡಿಗೆ ಮುಗಿಯಿತು. ಒದೆ ಅಂತ ನಾನೇನೂ ಬರೆದಿರಲಿಲ್ಲ. ಯಾವ ಏಟಿಗೆ ಬೀಳುತ್ತಾನೆ ಅಂತ ಹೇಳುವವರನ್ನು ನಾನು ನಂಬುವುದೂ ಇಲ್ಲ.

ಅದೇ ರಾತ್ರಿ ನಮ್ಮ ದೇಶದ ಅನ್ಶುಲ್ ಜುಬ್ಲಿಯ ಫೈಟೂ ಇತ್ತು. ಸೋಲೇ ಕಾಣದ ಹುಡುಗ, ಎದುರಿಗೆ ಯುಎಫ್‌ಸಿಯಲ್ಲಿ ಒಂದೂ ಗೆಲ್ಲದ ಮೈಕ್ ಬ್ರೀಡನ್. ಗ್ರೂಪಿನಲ್ಲಿ 80, 90 ಸುರಿಮಳೆ. ನಾನು ನಂಬರ್ ಹಾಕಲಿಲ್ಲ. ಗೆಲ್ಲಲಿ ಅಂತ ಮನಸ್ಸು ಹೇಳುವ ಕಡೆ ನಾನು ಅಂದಾಜಿಗೆ ಕೈ ಹಾಕುವುದಿಲ್ಲ, ಅಷ್ಟೇ. ಜುಬ್ಲಿ ಚೆನ್ನಾಗಿ ಶುರುಮಾಡಿ ಮೂರನೇ ಸುತ್ತಿನಲ್ಲಿ ನಾಕೌಟ್ ಆದ. ಗ್ರೂಪಿನಲ್ಲಿ ಅವತ್ತು ಯಾರೂ ಅಂಕದ ಮಾತೆತ್ತಲಿಲ್ಲ.

ಈಗ ನಾನು ಪಟ್ಟಿಗೆ ಸೇರಿಸಿಕೊಂಡಿರುವ ಇನ್ನೊಂದು ಕಾಲಂ, ಕಡೇ ಸಲ ನಾಕೌಟ್ ಆಗಿ ಎಷ್ಟು ದಿನ ಆಯಿತು ಅನ್ನೋದು. ಆ ಒದೆ ತಿಂದ ವೊಲ್ಕನೊವ್‌ಸ್ಕಿ ನಾಲ್ಕು ತಿಂಗಳೂ ತುಂಬುವ ಮೊದಲೇ, 2024ರ ಫೆಬ್ರವರಿ 17ಕ್ಕೆ, ಇಲಿಯಾ ಟೊಪುರಿಯಾ ಎದುರು ಇಳಿದ. ಎರಡನೇ ಸುತ್ತಿನಲ್ಲಿ ಮತ್ತೆ ನಾಕೌಟ್. 35 ವಯಸ್ಸಾಯಿತು, ಮುಗೀತು ಅಂತ ಬಹಳ ಜನ ಬರೆದರು. ಅವನು ವರ್ಷಕ್ಕೂ ಜಾಸ್ತಿ ಬಿಡುವು ತೆಗೆದುಕೊಂಡು, 2025ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಡಿಯಾಗೊ ಲೋಪೆಸ್‌ನನ್ನು ಸೋಲಿಸಿ ಬೆಲ್ಟ್ ವಾಪಸ್ ಪಡೆದ. ವಯಸ್ಸಿಗಿಂತ ಬಿಡುವಿನ ಲೆಕ್ಕ ಮುಖ್ಯ ಅಂತ ನನಗೆ ಅನ್ನಿಸಿದ್ದು ಅದರಿಂದ.

ತೂಕ ಹಾಕುವುದನ್ನೂ ತಪ್ಪದೆ ನೋಡುತ್ತೇನೆ, ಆದರೆ ಸಂಜೆಯ ಗಲಾಟೆಯ ವೇದಿಕೆಯನ್ನಲ್ಲ. ಅದು ಬರೀ ಶೋ. ನಿಜವಾದ ತೂಕ ಬೆಳಗ್ಗೆಯೇ ಆಗಿರುತ್ತದೆ, ಎರಡು ಗಂಟೆಯ ಅವಧಿಯಲ್ಲಿ. ಬಾಗಿಲು ತೆಗೆದ ಕೂಡಲೇ ಬಂದು ತಕ್ಕಡಿ ಹತ್ತಿದವನು ಆರಾಮಾಗಿದ್ದಾನೆ. ಕೊನೆಯ ಹತ್ತು ನಿಮಿಷಕ್ಕೆ ತುಟಿ ಒಣಗಿಸಿಕೊಂಡು, ಟವೆಲ್ ಮರೆಯಲ್ಲಿ ಹತ್ತಿದವನ ಮೇಲೆ ಎರಡೋ ಮೂರೋ ಪರ್ಸೆಂಟ್ ಇಳಿಸುತ್ತೇನೆ. ಅದಕ್ಕಿಂತ ಜಾಸ್ತಿ ಇಲ್ಲ.

ಕೆಲವು ಸಲ ಈ ಎಲ್ಲ ಕೆಲಸವೂ ತೂಕದ ದಿನವೇ ನೀರುಪಾಲು. 2025ರ ಜನವರಿಯಲ್ಲಿ ಮಖಚೇವ್–ತ್ಸಾರುಕ್ಯಾನ್ ಎರಡನೇ ಫೈಟಿಗೆ ಆ ಸೇಂಟ್ ಪೀಟರ್ಸ್‌ಬರ್ಗ್ ವಿಡಿಯೋ ಮತ್ತೆ ತೆಗೆದು, ಐದು ಸಾಲು ಬರೆದು ಇಟ್ಟಿದ್ದೆ. ಒಂದು ದಿನ ಇರುವಾಗ ತ್ಸಾರುಕ್ಯಾನ್ ಬೆನ್ನುನೋವಿನಿಂದ ಹೊರಗೆ. ಅದೇ ಕಾರ್ಡಿನಲ್ಲಿ ಬೇರೆಯವರ ಜೊತೆ ಆಡಬೇಕಿದ್ದ ರೆನಾಟೋ ಮೊಯಿಕಾನೊ ಒಳಗೆ. ಗ್ರೀನ್, ವೊಲ್ಕನೊವ್‌ಸ್ಕಿ, ಈಗ ಇವನು. ಹೊಸ ಸಾಲು ಬರೆಯಲು ಕೂರಲೇ ಇಲ್ಲ, ನೇರವಾಗಿ 90 ಹಾಕಿದೆ. ಮೊದಲ ಸುತ್ತಿನಲ್ಲೇ ಮೊಯಿಕಾನೊನ ಕತ್ತು ಮಖಚೇವ್ ಹಿಡಿತಕ್ಕೆ ಸಿಕ್ಕಿ ಫೈಟ್ ಮುಗಿಯಿತು. ಗ್ರೂಪಿನಲ್ಲಿ ಉಳಿದವರೂ ಹೆಚ್ಚುಕಡಿಮೆ ಅಷ್ಟೇ ಹಾಕಿದ್ದರಿಂದ ಆ ವಾರ ಅಂಕದಲ್ಲಿ ಯಾರೂ ಮೇಲೆ ಹೋಗಲಿಲ್ಲ, ಯಾರೂ ಕೆಳಗೂ ಬರಲಿಲ್ಲ.